ತಂತಿಯ ಹೊರಗಿನ ಗುಡ್ಡ

ಡಿಸೆಂಬರ್ ೧೧

...ಹುಲ್ಲು ಓಡಿಹೋದೀತು ಅಂತ ತಂತಿ ಕಟ್ಟೀರೇನು ಎಂದಳೋ, ಹುಲ್ಲಿಗೆ ತಂತಿ ಯಾಕ ಬೇಕು ಎಂದಳೋ, ಸರಿಯಾಗಿ ನೆನಪಿಲ್ಲ. ಕುರಿಗಾರರ ಮುದುಕಿ ಠಕೂಬಾಯಿ. ನಾನು ಬೇಲಿಯ ಒಳಗೆ, ಅವಳು ಹೊರಗೆ. ಹೇಳಿ ನಕ್ಕಳು. ಖಾಕಿ ಹಾಕಿಕೊಂಡಾಗ ಉತ್ತರ ಕೊಡದಿರುವುದೂ ಕೆಲಸದ ಒಂದು ಭಾಗವೆಂದು ತಿಳಿದಿದ್ದೇನೆ. ಆದರೂ ಆ ಮಾತು ಸಂಜೆಯಿಂದ ಹಲ್ಲಿನ ಸಂದಿಯ ನಾರಿನ ಹಾಗೆ ಕೂತಿದೆ.

ಇವತ್ತು ಇಡೀ ಬೀಟು ಸುತ್ತಿದೆ. ಹುಲ್ಲು ಸೊಂಟದವರೆಗೆ ಬೆಳೆದು ಒಣಗಿ ನಿಂತಿದೆ. ಮಳೆಗಾಲದಲ್ಲಿ ನೆಟ್ಟ ಗ್ಲಿರಿಸಿಡಿಯಾ ಸಸಿಗಳು ಬದುಕಿವೆ; ಮೇಲಿನವರಿಗೆ ಸಂತೋಷವಾಗುತ್ತದೆ. ಈ ಅಭಯಾರಣ್ಯವನ್ನು ಮಾಡಿದ್ದು ಎರೆಭೂತ ಹಕ್ಕಿಗಾಗಿ. ಬಯಲಿನ ಹಕ್ಕಿ, ಅದಕ್ಕೆ ಗಿಡ ಬೇಡ. ಅದು ಬರುವುದನ್ನು ನಿಲ್ಲಿಸಿದ ಮೇಲೆ ಫಲಕದಲ್ಲಿ ಪಕ್ಕಕ್ಕೊಂದು ತೋಳ ಬರೆಸಿದರು. ಈಗ ಇದು ತೋಳದ ಅಭಯಾರಣ್ಯವೂ ಹೌದು. ಹೆಜ್ಜೆ ಮಾತ್ರ ಎಲ್ಲೂ ಇಲ್ಲ. ಮಳೆಗೆ ಮುಂಚೆ ಒಮ್ಮೆ ಕ್ಯಾಮೆರಾಕ್ಕೆ ಸಿಕ್ಕಿತ್ತು: ಒಂದು ಬೆನ್ನು, ಇಲ್ಲಿಂದ ದಾಟಿ ಹೋಗುತ್ತಿದ್ದದ್ದು.

ಹಿಮ್ಮಡಿ ನೋಯುತ್ತಿದೆ. ಯಜಮಾನರು ತೀರಿಕೊಂಡ ಮೇಲೆ ಅವರ ಕೆಲಸ ನನಗೆ ಬಂತು, ಕ್ವಾರ್ಟರ್ಸು ಬಂತು. ಬೂಟಿನ ಅಳತೆ ಬೇರೆ.

ಡಿಸೆಂಬರ್ ೧೬

ರೇಂಜರ್ ದೇಶಮಾನೆ ಬಂದಿದ್ದರು. ಜೀಪಿನಿಂದ ಇಳಿಯುವ ಮೊದಲೇ ಕೇಳಿದರು.

“ಮಂದಾಕ್ಕ, ಬೋಳುಗುಡ್ಡ ಗೊತ್ತಲ್ಲ?”

ಗೊತ್ತು. ಬೇಲಿಯಿಂದ ಆಚೆ ಹೊಲಗಳು, ಹೊಲಗಳಾಚೆ ಅದು. ಹೆಸರಿಗೆ ತಕ್ಕಂತೆ ಬೋಳು.

“ಸೋಲಾರ್ ಕಂಪನಿಯವರು ಕೇಳಿದಾರೆ. ಕಂದಾಯದ ಜಮೀನು, ನಮ್ಮದಲ್ಲ. ಆದರೂ ಅಲ್ಲಿ ಕಾಡುಪ್ರಾಣಿ ಇದೆಯೋ ಇಲ್ಲವೋ ಅಂತ ನಾವೊಂದು ಮಾತು ಬರೆದುಕೊಡಬೇಕಂತೆ. ಇಲ್ಲ ಅಂತ ಬರೆದುಬಿಡೋಣ?”

“ತೋಳ ಇರಬಹುದು ಸಾಹೇಬ್ರೆ.”

“ಇರಬಹುದು ಅನ್ನೋದು ಕಾಗದದ ಮೇಲೆ ಕೂರಲ್ಲ ಅಕ್ಕ. ತೋಳ ನನ್ನ ಕುರಿ ತಿಂತು ಅಂತ ಆ ಕಡೆಯಿಂದ ಒಬ್ಬನಾದರೂ ಪರಿಹಾರ ಕೇಳಿದಾನಾ? ನಾನು ಬಂದಾಗಿನಿಂದ ಒಂದು ಅರ್ಜಿ ಇಲ್ಲ. ತೋಳ ಇದ್ದರೆ ಕುರಿ ಸಾಯಬೇಕು, ಕುರಿ ಸತ್ತರೆ ಕುರುಬ ಬೊಬ್ಬೆ ಹೊಡೀಬೇಕು. ಅರ್ಜಿ ಇಲ್ಲ, ತೋಳ ಇಲ್ಲ.”

ಕೆಟ್ಟ ಮನುಷ್ಯನಲ್ಲ. ನಾನು ಮಾಡಿದ ಚಹಾ ಕುಡಿದು, ಅದರ ಬಗ್ಗೆ ಏನೂ ಹೇಳದೆ ಹೋಗುತ್ತಾರೆ. ಮುಂದಿನ ತಿಂಗಳ ನಾಲ್ಕನೇ ವಾರ ಕಂದಾಯದವರ ಜೊತೆ ಜಂಟಿ ತಪಾಸಣೆಯಂತೆ.

ಡಿಸೆಂಬರ್ ೧೭

ರಜೆ ಹಾಕಿ ಬೋಳುಗುಡ್ಡಕ್ಕೆ ಹೋದೆ. ರಜೆಯ ದಿನ ಮತ್ಯಾಕೆ ನಡೆದೆನೋ.

ಅಲ್ಲಿ ಕುರಿ ಮೇದು ಹುಲ್ಲು ಅಂಗೈ ಎತ್ತರ ಉಳಿದಿದೆ. ನೆಲ ಕಾಣುತ್ತದೆ, ನಾಲ್ಕೂ ದಿಕ್ಕು ಕಾಣುತ್ತದೆ. ಇಳಿಜಾರಿನಲ್ಲಿ ಬಂಡೆಯ ಕೆಳಗೊಂದು ಬಿಲ, ಬಾಯಿಯಲ್ಲಿ ಎಳೆಯ ಕುರಿಯ ಗೊರಸುಗಳು. ತೋಳ ಸ್ವಲ್ಪ ದೂರದಲ್ಲಿ ನಿಂತಿತ್ತು. ಓಡಲಿಲ್ಲ, ಹಲ್ಲು ತೋರಿಸಲಿಲ್ಲ. ನನ್ನನ್ನು ನೋಡಿ ಮುಗಿಸಿದ ಮೇಲೆ ಬೇರೆ ಕಡೆ ನೋಡಿತು. ಬಿಲದ ಕತ್ತಲಲ್ಲಿ ನಾಲ್ಕು ಮರಿ, ಇನ್ನೂ ಮಡಚಿದ ಕಿವಿ.

ಹಾಗಾದರೆ ಇದೆ. ಕಾಗದದಲ್ಲಿ ಇಲ್ಲದ ಕಡೆ ಇದೆ.

ಡಿಸೆಂಬರ್ ೨೨

ಠಕೂಬಾಯಿಯ ಮಂದೆ ಗುಡ್ಡದ ಬುಡದಲ್ಲಿ ಬೀಡುಬಿಟ್ಟಿದೆ. ಸಂಜೆ ಹೋದೆ. ದೂರದಿಂದಲೇ ಶುರುಮಾಡಿದಳು.

“ಬರ್ರಿ ಗಾರ್ಡಬಾಯಿ! ತಂತಿ ದಾಟಿ ಬಂದೀರಿ, ಯಾರರ ನಿಮಗ ದಂಡ ಹಾಕ್ಯಾರು!”

ಕಂಬಳಿ ಹಾಸಿದಳು. ಅವಳ ತಮ್ಮನ ಮಗ ಧುಳಾ ಮಂದೆ ಹೊಡೆದುಕೊಂಡು ಬರುತ್ತಿದ್ದ. ಧೂಳು ಇನ್ನೂ ಕೂತಿರಲಿಲ್ಲ, ಅಷ್ಟರಲ್ಲಿ ಹಿಂದಿನ ತುದಿಯಲ್ಲಿ ಕುರಿಗಳು ಒಡೆದು ಎರಡಾದವು. ನಾಯಿಗಳು ಬೊಗಳಿದವು. ಧುಳಾ ಕೋಲೆತ್ತಿ ಕೂಗುತ್ತ ಓಡಿದ, ಓಡಿದವನು ಅರ್ಧದಲ್ಲಿ ನಿಂತ.

ಒಲೆಯ ಮುಂದಿನಿಂದ ಏಳದೆ ಠಕೂಬಾಯಿ ಕೂಗಿದಳು: “ಬಾಯಿ ಹಾಕಿದ್ಲೇನೋ?”

“ಹಾಕಿದ್ಲು!”

“ಹಂಗಾರ ಬಾ. ಭಾಕರಿ ಆರತೈತಿ.”

ಅಷ್ಟೇ. ಅವನು ಕೋಲನ್ನು ಹೆಗಲಿಗೆ ಹಾಕಿಕೊಂಡು ಬಂದು ಕೈ ತೊಳೆದ.

ಇನ್ನೊಂದಿಷ್ಟು ಓಡಿದ್ದರೆ ತೋಳ ಕುರಿಮರಿಯನ್ನು ಬಿಡುತ್ತಿತ್ತು ಎಂದೆ.

“ಬಿಡತಿದ್ಲು,” ಎಂದಳು. “ಬಿಟ್ಟ ಮ್ಯಾಲೆ ಅದನ್ನ ನಾ ಏನ ಮಾಡ್ಲಿ? ಬಾಯಿ ಹಾಕೂದರಾಗ ಬಿಡಿಸಿಕೊಂಡ್ರ ನಮ್ಮದು. ಹಾಕಿದ ಮ್ಯಾಲೆ ಅಕಿದು. ಅಕಿ ತುತ್ತು ಕಸಗೊಂಡ್ರ ನಮ್ಮ ಕುರಿಗೆ ರೋಗ ಬರತೈತಿ.”

ಪರಿಹಾರದ ವಿಷಯ ಹೇಳಿದೆ. ಸತ್ತ ಕುರಿ ಬೇಕು, ಹಲ್ಲಿನ ಗುರುತಿನ ಫೋಟೋ ಬೇಕು, ಪಂಚನಾಮೆ ಆಗಬೇಕು. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಮಗಳು ತವರಿಗೆ ಬಂದು ಉಂಡ್ಲು ಅಂತ ಠಾಣೇಕ ಹೋಗಿ ಹೇಳೂದೇನ್ರಿ?”

“ಅತ್ತಿ, ಮಗಳು ದಿನಾ ಬರಾಕ ಹತ್ಯಾಳ,” ಎಂದ ಧುಳಾ. “ಅಳಿಯಾ ಎಲ್ಲಿ ಅದಾನ ಅಂತ ಒಂದ ಸಲ ಕೇಳು.”

“ಗುಡ್ಡದ ಆಚಿ ಮಗ್ಗಲ ಬಿದ್ಕೊಂಡಾನ, ನಿನ್ನಂಗ ಮೈಗಳ್ಳ.”

ಸೋಮವಾರ ತೋಳ ಬೇಟೆ ಆಡುವುದಿಲ್ಲ ಎಂದೂ ಆಮೇಲೆ ಹೇಳಿದಳು, ಬಹಳ ಖಚಿತವಾಗಿ. ಇವತ್ತು ಸೋಮವಾರ. ನಾನು ಜೋಳದ ಭಾಕರಿ ಮುರಿದುಕೊಂಡು ತಿಂದೆ.

ಡಿಸೆಂಬರ್ ೨೩

ಇಷ್ಟು ವರ್ಷ ಇವರು ಮರ್ಯಾದೆಯಿಂದ ನಡೆದುಕೊಂಡರು. ಆ ಮರ್ಯಾದೆಯಿಂದಾಗಿ ಬೋಳುಗುಡ್ಡದಲ್ಲಿ ಕಾಗದದ ಮೇಲೆ ತೋಳ ಹುಟ್ಟಿಯೇ ಇಲ್ಲ.

ಜನವರಿ ೪

ಹಲವು ದಿನ ಏನೂ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ, ಚಳಿ, ಬೀಟು, ನೀರಿನ ಟ್ಯಾಂಕರ್.

ರೇಂಜ್ ಕಚೇರಿಗೆ ಹೋಗಿ ಬಿಲದ ವಿಷಯ ಹೇಳಿದೆ. ದೇಶಮಾನೆ ಕಣ್ಣುಜ್ಜಿಕೊಂಡರು. ಅವರಿಗೂ ನಿದ್ದೆ ಸಾಲುತ್ತಿಲ್ಲ.

“ಬಿಲ ನರಿಯದೂ ಇರತ್ತೆ ಅಂತಾರೆ ಅಕ್ಕ. ಫೋಟೋ ತೋರಿಸಿದರೆ ಅಭಯಾರಣ್ಯದ ಒಳಗೇ ತೆಗೆದದ್ದು ಅಂತಾರೆ. ಒಂದೇ ಒಂದು ಪಂಚನಾಮೆ ತನ್ನಿ, ಆ ಸರ್ವೆ ನಂಬರಿನಲ್ಲಿ ತೋಳ ಕುರಿ ಕೊಂದಿದೆ ಅಂತ, ಮಾಲೀಕನ ಹೆಬ್ಬೆಟ್ಟು ಹಾಕಿಸಿ. ಆಮೇಲೆ ಆ ಗುಡ್ಡ ಹೇಗೆ ಕೊಡ್ತಾರೋ ನಾನೂ ನೋಡ್ತೀನಿ.”

ತೋಳವನ್ನು ಉಳಿಸಬೇಕಾದರೆ ಯಾರಾದರೂ ಅದರ ಮೇಲೆ ದೂರು ಕೊಡಬೇಕು. ಬಸ್ಸಿನಲ್ಲಿ ಬರುವಾಗ ಇದನ್ನು ಎರಡೂ ಕಡೆಯಿಂದ ತಿರುಗಿಸಿ ನೋಡಿದೆ. ಎರಡೂ ಕಡೆಯಿಂದ ಒಂದೇ ಹಾಗೆ ಕಾಣುತ್ತಿತ್ತು.

ಜನವರಿ ೮

ಯಾರದೋ ಹೊಲದಲ್ಲಿ ಸೀತನಿಗೆ ಎಳೆ ಜೋಳದ ತೆನೆ ಸುಡುತ್ತಿದ್ದರು. ಠಕೂಬಾಯಿ ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಕಾಳನ್ನು ನನ್ನ ಕೈಗೆ ಸುರಿದಳು. ಆಗ ಕೇಳಿದೆ.

ಅವಳ ಕೈ ನಿಂತಿತು. “ಏನಂದ್ರಿ?”

ಮತ್ತೆ ಹೇಳಿದೆ. ಗುಡ್ಡ ಹೋಗುತ್ತದೆ, ಗಾಜಿನ ಹಲಗೆ ಹಾಸುತ್ತಾರೆ, ಸುತ್ತ ಗೋಡೆ. ಒಂದು ಸಲ ತೋಳದ ಬಾಯಿಯಿಂದ ಕುರಿ ಕಸಿದುಕೊಂಡರೆ ಸಾಕು, ಒಂದೇ ಸಲ.

“ನಾ ಕಸಗೊಳ್ತೀನಿ ಬಿಡ ಅತ್ತಿ,” ಎಂದ ಧುಳಾ. “ಗುಡ್ಡಾ ಹೋದ್ರ ಕುರಿ ಎಲ್ಲಿ ಮೇಯಿಸೂದು, ನಿನ್ನ ತಲೀ ಮ್ಯಾಲೆ?”

“ನೀ ಸುಮ್ಕಿರು. ನಿನ್ನಪ್ಪ ಕಸಗೊಂಡಿದ್ನೇನು?” ನನ್ನ ಕಡೆ ತಿರುಗಿದಳು. “ಗಾರ್ಡಬಾಯಿ, ಕಾಗದದಾಗ ಬರದ್ರ ಗುಡ್ಡಾ ಉಳಿತೈತೇನು? ಖರೇ ಹೇಳ್ರಿ.”

“ಉಳಿಯುತ್ತದೆ” ಎಂದೆ.

ಅವಳು ಇನ್ನೊಂದು ತೆನೆಯನ್ನು ಕೆಂಡದ ಮೇಲೆ ತಿರುವಿದಳು. ಕಸಿಯುವುದಾದರೆ ತಾನೇ ಕಸಿಯುವುದು, ಹುಡುಗನ ಕೈಗೆ ಅದನ್ನು ಹಚ್ಚುವುದಿಲ್ಲ ಎಂದಳು. ಧುಳಾನಿಗೆ ಮೂವತ್ತು ದಾಟಿದೆ.

ಜನವರಿ ೧೧

ಆಯಿತು.

ಬೆಳಿಗ್ಗೆ ಮಂದೆ ಗುಡ್ಡ ಹತ್ತುವಾಗ ತೋಳ ಬಂದಳು. ಒಂದು ವರ್ಷದ ಹೆಣ್ಣು ಕುರಿಗೆ ಬಾಯಿ ಹಾಕಿದಳು. ಧುಳಾ ನಾಯಿಗಳನ್ನು ಬಿಟ್ಟ. ಠಕೂಬಾಯಿ ಕೋಲು ಬೀಸುತ್ತ ಓಡಿದಳು. ಆ ವಯಸ್ಸಿನಲ್ಲಿ ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ತೋಳ ಎಳೆದಳು, ನಿಂತಳು, ಮತ್ತೆ ಎಳೆದಳು. ಕೋಲು ಹತ್ತಿರದ ಕಲ್ಲಿಗೆ ಬಡಿದ ಮೇಲೆ ಬಿಟ್ಟಳು. ಬಿಟ್ಟು ಓಡಿಹೋಗಲಿಲ್ಲ. ದೂರ ಕೂತು, ಇನ್ನೂ ಏನೋ ಮಾತು ಬಾಕಿ ಇದೆ ಎನ್ನುವ ಹಾಗೆ ನಮ್ಮನ್ನು ನೋಡಿದಳು. ಮೊಲೆಗಳು ಜೋತುಬಿದ್ದಿದ್ದವು.

ಕುರಿಯ ಕುತ್ತಿಗೆಯ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆ. ಠಕೂಬಾಯಿ ಹೆಬ್ಬೆಟ್ಟು ಒತ್ತಿ ಬೆರಳನ್ನು ಹುಲ್ಲಿಗೆ ಒರೆಸಿದಳು, ಮಸಿ ಹೋದ ಮೇಲೂ ಒರೆಸುತ್ತಿದ್ದಳು.

“ಈಗ ಅಕಿಗೆ ಕೊಟ್ಟುಬಿಡ್ರಿ,” ಎಂದಳು.

ಪಶುವೈದ್ಯರು ನೋಡುವವರೆಗೆ ಕೊಡುವಂತಿಲ್ಲ. ವೈದ್ಯರು ಮಧ್ಯಾಹ್ನ ಬಂದರು. ಆಮೇಲೆ ನಿಯಮದಂತೆ ಹೂಳಿಸಿದೆವು.

ಜನವರಿ ೧೪

ಸಂಕ್ರಾಂತಿ. ದೇಶಮಾನೆ ಎಳ್ಳುಂಡೆ ಕೊಟ್ಟರು. “ಕಡತ ಜಿಲ್ಲೆಗೆ ಹೋಯ್ತು ಅಕ್ಕ. ಈಗ ತೋಳ ಇದೆ!” ಎಂದು ನಕ್ಕರು. ನಾನೂ ನಕ್ಕೆ. ಎಳ್ಳುಂಡೆ ಗಟ್ಟಿಯಾಗಿತ್ತು.

ಜನವರಿ ೧೯

ಕರೆಯ ಮೇಲೆ ಕರೆ. ಠಕೂಬಾಯಿಗೆ ಪರಿಹಾರ ಸಿಗುತ್ತದಂತೆ ಎಂಬ ಸುದ್ದಿ ಬಯಲಿನಲ್ಲೆಲ್ಲ ಹಬ್ಬಿದೆ. ಈಗ ಎಲ್ಲರೂ ಕಸಿಯುತ್ತಾರೆ. ಠಕೂಬಾಯಿಯೇ ಕಸಿದುಕೊಂಡಳಲ್ಲ ಎನ್ನುತ್ತಾರೆ. ರೋಗದ ಹೆದರಿಕೆ ಒಂದೇ ದಿನದಲ್ಲಿ ಎಲ್ಲಿ ಹೋಯಿತೋ. ನಾಯಿ ಕಚ್ಚಿದ ಆಡನ್ನೂ ತೋಳದ ಲೆಕ್ಕಕ್ಕೆ ತರುತ್ತಾರೆ.

“ಇದು ನಾಯಿ ಕಚ್ಚಿದ್ದು” ಎಂದೆ ಒಬ್ಬನಿಗೆ.

“ಹಂಗಾರ ತೋಳದ ಹೆಸರಿಗೆ ನಾಯಿ ಕಚ್ಚೇತಿ ಅಂತ ಬರಕೋರಿ ಬಾಯಾರ, ನಂದೇನ ತಕರಾರಿಲ್ಲ.”

ತಾಯಿ ತೋಳಕ್ಕೆ ಒಂದು ಹೊತ್ತಿನ ಊಟವೂ ನಿಶ್ಚಿಂತೆಯಿಂದ ಸಿಗುತ್ತಿಲ್ಲ. ಹಗಲು ಹೊತ್ತಿನಲ್ಲಿ ಊರಿನ ಅಂಚಿಗೆ ಬರುತ್ತಿದ್ದಾಳೆ. ಮೊದಲು ಬರುತ್ತಿರಲಿಲ್ಲ.

ಜನವರಿ ೨೨

ಜಂಟಿ ತಪಾಸಣೆ. ಮೂರು ವಾಹನ, ಒಂದು ಶಾಮಿಯಾನ, ಅವಲಕ್ಕಿ ಪೋಹೆ. ಬೋಳುಗುಡ್ಡದಲ್ಲಿ ತೋಳ ಇದೆ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಅಷ್ಟು ಪಂಚನಾಮೆಗಳಿದ್ದವು. ಅಷ್ಟು ಇದ್ದದ್ದೇ ಕೆಟ್ಟದ್ದಾಯಿತು. ಜನರಿಗೆ ಇಷ್ಟು ಉಪದ್ರವ, ಪಕ್ಕದಲ್ಲೇ ಸರ್ಕಾರ ಬೇಲಿ ಹಾಕಿ ಕಾಯ್ದಿಟ್ಟ ಜಾಗ ಖಾಲಿ ಬಿದ್ದಿದೆ, ಪ್ರಾಣಿ ಇರಬೇಕಾದ್ದು ಅಲ್ಲಿ ತಾನೇ ಎಂದರು ದೊಡ್ಡವರೊಬ್ಬರು. ಬಹಳ ಸಮಾಧಾನದ ದನಿ. ಮೇಲಿನ ಅನುಮತಿ ತೆಗೆದುಕೊಂಡು ಮರಿಗಳನ್ನು ಹಿಡಿದು ಅಭಯಾರಣ್ಯದೊಳಗೆ ಬಿಡುವುದು, ತಾಯಿ ತಾನಾಗಿ ಹಿಂದೆ ಬರುತ್ತದೆ. ಗುಡ್ಡ ಕಂಪನಿಗೆ.

“ರಕ್ಷಣೆ ಸಿಕ್ಕಿತಲ್ಲ ಅಕ್ಕ,” ಎಂದರು ದೇಶಮಾನೆ, ಪೋಹೆಯ ತಟ್ಟೆ ನೋಡುತ್ತ.

“ಒಳಗೆ ಅವಳು ತಿನ್ನುವುದೇನು ಸಾಹೇಬ್ರೆ?”

“ಒಳಗೆ...” ಎಂದು ಪೋಹೆಗೆ ನಿಂಬೆ ಹಿಂಡಿಕೊಂಡರು.

ಜನವರಿ ೨೩

ಹೇಳುವುದಕ್ಕೆ ಹೋದೆ. ಸುದ್ದಿ ನನಗಿಂತ ಮುಂಚೆ ಹೋಗಿತ್ತು. ಠಕೂಬಾಯಿ ಕಂಬಳಿ ಹಾಸಲಿಲ್ಲ.

“ಉಳಿತೈತಿ ಅಂದಿದ್ರಿ.”

ನಾನು ಬರಿನೆಲದ ಮೇಲೇ ಕೂತೆ.

“ನಿಮಗ ಅಂತ ಏನು ಹೇಳ್ಲಿ, ನೀವೂ ಹೆಂಗಸು, ಅವರೇನ ನಿಮ್ಮ ಮಾತ ಕೇಳ್ತಾರ? ಆದ್ರ ಕೋಲು ಬೀಸಿದ ಕೈ ನಂದು. ಅದನ್ನ ಅಕಿ ನೋಡ್ಯಾಳ.”

ಧುಳಾ ಸಾಮಾನು ಹೊರುವ ಕುದುರೆಯ ಗೊರಸು ನೋಡುತ್ತಿದ್ದ, ತಲೆ ಎತ್ತಲಿಲ್ಲ. ಜೋಳದ ಕೊಯ್ಲಾದ ಕೂಡಲೇ ಭೀಮಾ ನದಿಯ ಕಡೆ ಹೋಗುತ್ತಾರಂತೆ. ಅಲ್ಲಿಯ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸಲು ಕರೆದಿದ್ದಾರೆ. ಎಂದು ಹೊರಡುತ್ತೀರಿ ಎಂದು ಕೇಳಿದೆ. “ಹೊಂಟಾಗ,” ಎಂದಳು.

ಫೆಬ್ರವರಿ ೬

ಇವತ್ತು ಮರಿಗಳನ್ನು ಹಿಡಿದರು. ಪಟ್ಟಣದಿಂದ ಬಂದ ತಂಡ ಬಿಲದ ಬಾಯಿಗೆ ಬಲೆ ಕಟ್ಟಿತು. ತಾಯಿ ಆಹಾರಕ್ಕೆ ಹೋಗಿದ್ದಳು. ಮರಿಗಳು ಕಚ್ಚುವಷ್ಟು ದೊಡ್ಡವಾಗಿವೆ. ಬುಟ್ಟಿ ಹಿಡಿಯಲು ನನ್ನನ್ನು ಕರೆದರು. ಭಾರವಿರಲಿಲ್ಲ. ಬೆಚ್ಚಗಿತ್ತು.

ಅಭಯಾರಣ್ಯದ ಮೂಲೆಯಲ್ಲಿ, ಬೇಲಿಗೆ ಒತ್ತಿಕೊಂಡು ಜಾಲರಿ ಸುತ್ತಿ, ಸಿಮೆಂಟ್ ಪೈಪಿನ ಬಿಲ ಮಾಡಿದ್ದಾರೆ. ದಿನಕ್ಕೆರಡು ಬಾರಿ ಕೋಳಿ ಮಾಂಸ, ನನ್ನ ಕೈಯಿಂದ. ತಾಯಿ ಬಂದು ಒಳಗಿನ ಜಾಗ ಒಗ್ಗಿಸಿಕೊಂಡ ಮೇಲೆ ಜಾಲರಿ ತೆಗೆಯುವುದು.

ಫೆಬ್ರವರಿ ೧೦

ಬೇಲಿಯ ಹೊರಗೆ ಅವಳ ಹೆಜ್ಜೆ. ಹೋಗಿ, ತಿರುಗಿ, ಹೋಗಿ, ತಿರುಗಿ, ಕಾಲುದಾರಿಯೇ ಬಿದ್ದಿದೆ. ಅಭಯಾರಣ್ಯದ ಗೇಟು ತೆರೆದೇ ಇಟ್ಟಿದ್ದೇವೆ. ಆ ಕಡೆ ಹೋಗಿಲ್ಲ. ತಂತಿಯ ಕೆಳಗೆ ಒಂದು ಕಡೆ ಕೆದರಿದ್ದಾಳೆ. ನಾನು ಕಲ್ಲು ತುಂಬಿದೆ. ಊರ ನಾಯಿಗಳು ನುಗ್ಗಬಾರದು ಎಂದು ಆದೇಶ.

ಫೆಬ್ರವರಿ ೧೨

ಒಂದು ಮರಿ ಸತ್ತಿತು. ತಿನ್ನುತ್ತಿರಲಿಲ್ಲ. ಕಲ್ಲು ತೆಗೆದು ಮತ್ತೆ ಕೆದರಿದ್ದಾಳೆ. ಮತ್ತೆ ತುಂಬಿದೆ.

ಫೆಬ್ರವರಿ ೧೫

ಬೋಳುಗುಡ್ಡದಲ್ಲಿ ಯಂತ್ರದ ಸದ್ದು. ಹಿಮ್ಮಡಿ ನೋವು, ಕಲ್ಲು ಹೊರಲಾಗಲಿಲ್ಲ.

ಫೆಬ್ರವರಿ ೧೬

ಕಾಲುನೋವು, ಆದ್ದರಿಂದ ಇವತ್ತೂ ಕಲ್ಲು ತುಂಬಲಿಲ್ಲ. ಬೀಟು ಪೂರ್ತಿ ಸುತ್ತಿ, ಬೇಲಿಯ ಗುಂಟ ಎರಡು ಸಲ ಹೋಗಿ ಬಂದೆ. ನಾಯಿಗಳು ಕಾಣಲಿಲ್ಲ. ಬೇಲಿ ಸುಸ್ಥಿತಿಯಲ್ಲಿದೆ ಎಂದು ಬರೆದೆ.

ಫೆಬ್ರವರಿ ೧೮

ಠಕೂಬಾಯಿಯ ಬೀಡು ಖಾಲಿ. ಒಲೆಯ ಮೂರು ಕಲ್ಲು ಇನ್ನೂ ಬಿಸಿ ಇದ್ದವು. ಕುರಿ ಹಿಕ್ಕೆಯ ಜಾಡು ದಕ್ಷಿಣಕ್ಕೆ ಹೋಗಿದೆ.

ಇವತ್ತು ಮಾಂಸವನ್ನು ಪೈಪಿನ ಬಳಿ ಇಡಲಿಲ್ಲ, ತಂತಿಯ ಬಳಿ ಇಟ್ಟೆ. ಪೈಪಿನ ಹತ್ತಿರ ಇರುವೆ ಮುತ್ತಿವೆ.

ಫೆಬ್ರವರಿ ೨೦

ಮರಿಗಳಿಲ್ಲ. ತಂತಿಯ ಕೆಳಗಿನ ತಗ್ಗು ದೊಡ್ಡದಾಗಿದೆ, ಮಣ್ಣು ಹೊಟ್ಟೆ ತಾಗಿ ತಾಗಿ ನುಣುಪಾಗಿದೆ. ಮೂರು ಸಣ್ಣ ಸಾಲು, ಒಂದು ದೊಡ್ಡ ಸಾಲು. ಎಲ್ಲ ಹೊರಗಿನ ಕಡೆ ಮುಖ ಮಾಡಿದ ಹೆಜ್ಜೆಗಳು.

ದೇಶಮಾನೆಗೆ ಫೋನು ಮಾಡಿದೆ.

“ಜಾಲರಿ ತೆಗೆದೆವು ಅಂದುಕೊಳ್ಳಿ ಅಕ್ಕ. ಮರಿಗಳು ಒಳಗೇ ಎಲ್ಲೋ ಹುಲ್ಲಿನಲ್ಲಿವೆ. ತಾಯಿಯೂ ಬಂದು ಸೇರಿಕೊಂಡಿದೆ. ಹಾಗಂತ ಬರೀರಿ.”

“ಒಳಗಿಲ್ಲ ಸಾಹೇಬ್ರೆ.”

“ಹೊರಗಿದಾವೆ ಅಂತ ಬರೆದರೆ ಮತ್ತೆ ಬಲೆ ತರ್ತಾರೆ,” ಎಂದರು.

ಬರೆದೆ. ಅಭಯಾರಣ್ಯದಲ್ಲಿ ನಾಲ್ಕು ತೋಳ, ಆರೋಗ್ಯವಾಗಿವೆ. ಅಲ್ಲಿ ಇದ್ದಾಗ ಇಲ್ಲ ಎಂದಿದ್ದೆವು, ಇಲ್ಲಿ ಇಲ್ಲದಾಗ ಇವೆ ಎನ್ನುತ್ತಿದ್ದೇವೆ.

ಆಮೇಲೆ ಜಾಡು ಹಿಡಿದು ನಡೆದೆ. ಕೊಯ್ದ ಜೋಳದ ಕೂಳೆಯ ನಡುವೆ, ಹಿಕ್ಕೆ ಬಿದ್ದ ದಾರಿಯಲ್ಲೇ ಹೋಗಿದ್ದಾಳೆ, ಮರಿಗಳು ಆಚೆ ಈಚೆ ಹರಿದಾಡುತ್ತ. ಡಾಂಬರು ರಸ್ತೆಯವರೆಗೆ ಕಂಡಿತು. ಲಾರಿಗಳು ಹೋಗುತ್ತಿದ್ದವು. ಸಂಜೆಯಾಗುವವರೆಗೆ ರಸ್ತೆಯ ಎರಡೂ ಬದಿ ಹುಡುಕಿದೆ. ಡಾಂಬರಿನ ಮೇಲೆ ರಕ್ತವೂ ಇಲ್ಲ, ಆಚೆಯ ಮಣ್ಣಿನಲ್ಲಿ ಹೆಜ್ಜೆಯೂ ಇಲ್ಲ. ಆಚೆ ಬರೀ ಗಟ್ಟಿ ಗರಸು ನೆಲ.

ಮಾರ್ಚ್ ೩

ಸಸಿಗಳಿಗೆ ನೀರು ಹಾಕಿಸಿದೆ. ಬೋಳುಗುಡ್ಡದ ನೆತ್ತಿ ಸಪಾಟಾಗಿದೆ, ಇಲ್ಲಿಂದ ನೋಡಿದರೆ ಆ ಕಡೆ ಆಕಾಶ ಸ್ವಲ್ಪ ಕೆಳಗೆ ಇಳಿದಂತಿದೆ. ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದಿದ್ದರು. ತೋಳ ಎಲ್ಲಿ ಎಂದು ಕೇಳಿದರು. ಹುಲ್ಲು ತೋರಿಸಿದೆ. ಅವರು ಬಹಳ ಹೊತ್ತು ಹುಲ್ಲು ನೋಡಿದರು.

ಯಾವ ಊರಿನಿಂದಲೂ ಅರ್ಜಿ ಬಂದಿಲ್ಲ. ಪ್ರತಿ ದಿನ ಕಚೇರಿಗೆ ಫೋನು ಮಾಡಿ ಕೇಳುತ್ತೇನೆ, ಭೀಮಾ ಕಡೆಯ ರೇಂಜಿನಿಂದ ಏನಾದರೂ ಇದೆಯೇ ಎಂದು. ಆ ಕಡೆ ನಿಮ್ಮ ಬೀಟು ಎಲ್ಲಿ ಬಂತು ಎಂದು ಗುಮಾಸ್ತರಿಗೆ ಆಶ್ಚರ್ಯ. ಏನೂ ಇಲ್ಲ ಎನ್ನುತ್ತಾರೆ. ಏನೂ ಇಲ್ಲದಿರುವುದಕ್ಕೆ ಎರಡು ಅರ್ಥ ಇರಬಹುದೆಂದು ಈಗ ಗೊತ್ತು, ಅದರಲ್ಲಿ ಒಂದನ್ನು ಹಿಡಿದುಕೊಂಡು ಮಲಗುತ್ತೇನೆ.

ಠಕೂಬಾಯಿ, ನೀವು ಈಗ ಯಾರ ಹೊಲದಲ್ಲಿ ಬೀಡುಬಿಟ್ಟಿದ್ದೀರೋ ತಿಳಿಯದು, ನಿಮ್ಮಲ್ಲಿ ಯಾರ ಬಳಿಯೂ ಫೋನಿಲ್ಲ. ನನಗೆ ಬೇರೇನೂ ಬೇಡ, ಇದೊಂದು ಹೇಳಿ. ಈ ದಿನಗಳಲ್ಲಿ ಎಂದಾದರೂ ಬೆಳಿಗ್ಗೆ ಎಣಿಸುವಾಗ ಮಂದೆಯಲ್ಲಿ ಒಂದು ಮರಿ ಕಡಿಮೆ ಬಂತೇ?